ಮಂಚಕ್ಕೆಂದು ಹೋದವನ ಚೆಂಡಿನ ಪೆಟ್ಟಿಗೆ

ಮುನೇಶನ ತಾಯಿ ಚಿಕ್ಕವೆಂಕಟಮ್ಮನಿಗೆ ನೆಲದ ಮೇಲೆ ಮಲಗುವುದು ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಏಳುವುದರಲ್ಲಿ. ಮಂಡಿಗಳೆರಡೂ ಅವಳ ಮಾತು ಕೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬೆಳಗಿನ ಜಾವ ಎದ್ದು ಕೂತು, "ಮುನೇಶಾ, ವಸಿ ಕೈ ಕೊಡು ಬಾರ್ಲಾ" ಎಂದು ಮೂರು ಸಲ ಕೂಗುತ್ತಿದ್ದಳು. ಮೂರು ಸಲವೂ ಮುನೇಶನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಕೇಳಿಸಿತು ಎಂದು ಒಪ್ಪಿಕೊಂಡರೆ ಏಳಬೇಕಾಗುತ್ತದಲ್ಲ, ಅದಕ್ಕೆ ಅವನು ಗೊರಕೆಯ ಸದ್ದನ್ನು ಕೊಂಚ ಏರಿಸುತ್ತಿದ್ದ. ನಾಲ್ಕನೆಯ ಕೂಗಿಗೆ ಹೆಂಡತಿ ಶಶಿರೇಖ ಎದ್ದು ಅತ್ತೆಯ ಕೈ ಹಿಡಿದು ಎಬ್ಬಿಸುತ್ತಿದ್ದಳು.

"ಒಂದು ಮಂಚ ಇದ್ರೆ ಅತ್ತೆ ಕಾಲು ಇಳೀಬಿಟ್ಕೊಂಡು ತಾವೇ ಎದ್ದೇಳ್ತಾರೆ. ಓಗಿ ಒಂದು ಮಂಚ ತತ್ತೀರೋ, ಇಲ್ಲ ದಿನಾ ಇಂಗೇ ಗೊರಕೆ ಒಡೀತೀರೋ?" ಎಂದು ಅವಳು ಒಂದು ದಿನ ಕೇಳಿಯೇಬಿಟ್ಟಳು.

ಕ್ಯಾಸಂಬಳ್ಳಿ ಹತ್ತಿರದ ಆ ಹಳ್ಳಿಯ ಹಾಲಿನ ಡೈರಿಯಲ್ಲಿ ಮುನೇಶ ಫ್ಯಾಟ್ ನೋಡುವವನು. ಊರಿನ ಹಸುಗಳ ಯೋಗ್ಯತೆಯನ್ನೆಲ್ಲ ಅಳೆಯಬಲ್ಲ ಅವನು ಹೆಂಡತಿಯ ದನಿಯಲ್ಲಿದ್ದ ಬಿಸಿಯನ್ನೂ ಅಳೆದ. ಅದೇ ವಾರ ಅವನ ಹಳೆಯ ಸ್ನೇಹಿತ ಪೆರುಮಾಳ್ ಒಂದು ಸುದ್ದಿ ತಂದ. ಪೆರುಮಾಳ್ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದಡಿಯಲ್ಲಿ ಮರದ ಕಂಬ ನಿಲ್ಲಿಸುವ ಬಡಗಿಯಾಗಿದ್ದವನು. ಗಣಿ ಮುಚ್ಚಿ ಕೆಲಸ ಹೋದರೂ ಓರೆಕೋರೆ ಅಳೆಯುವ ರಸಮಟ್ಟ ಮಾತ್ರ ಇನ್ನೂ ಅವನ ಜೇಬಿನಲ್ಲೇ ಇತ್ತು. ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಗಳಾಚೆ ಒಂದು ಹಳೇ ಕ್ಲಬ್ಬು ಸಾಮಾನು ಖಾಲಿ ಮಾಡುತ್ತಿದೆ, ಕಬ್ಬಿಣದ ಮಂಚಗಳಿವೆ, ಹತ್ತು ಗಂಟೆಗೆ ಮಾರಾಟ, ಹೋಗು ಎಂದು ಹೇಳಿದ.

ಮುನೇಶ ಒಂಬತ್ತೂವರೆಗೇ ಟೆಂಪೊ ಸಮೇತ ಹಾಜರಾದ. ವರಾಂಡದಲ್ಲಿ ಮಂಚಗಳು ಸಾಲಾಗಿ ನಿಂತಿದ್ದವು. ತೊಂದರೆಯೆಂದರೆ, ವರಾಂಡಕ್ಕೆ ಹೋಗುವ ದಾರಿಯಲ್ಲಿ ಒಂದು ಹಜಾರ ಇತ್ತು. ಹಜಾರದ ಮೂಲೆಯಲ್ಲಿ ಒಂದು ಪೆಟ್ಟಿಗೆ ಇತ್ತು.

ನಾಲ್ಕು ಮರದ ಕಾಲುಗಳ ಮೇಲೆ, ನಮ್ಮ ಕಡೆಗೆ ಇಳಿಜಾರಾಗಿ ನಿಂತ ಉದ್ದನೆಯ ಪೆಟ್ಟಿಗೆ. ಮೇಲೆ ಗಾಜು. ಗಾಜಿನ ಕೆಳಗೆ ಹಸಿರು ಬಣ್ಣದ ಮೈದಾನ, ಅದರ ನಾಲ್ಕು ಮೂಲೆಯಲ್ಲಿ ನಾಲ್ಕು ಬಿಳಿ ಚೌಕ, ನಡುವೆ ಅಣಬೆಗಳಂತೆ ಎದ್ದ ಕೆಂಪು ಟೋಪಿಯ ಗೂಟಗಳು. ತಲೆಯ ಕಡೆ ನೆಟ್ಟಗೆ ನಿಂತ ಇನ್ನೊಂದು ಗಾಜಿನ ಮೇಲೆ ಚಿತ್ರ: ಪಟ್ಟೆಪಟ್ಟೆ ಟೋಪಿಯ ಒಬ್ಬ ದೊರೆ ಹಲ್ಲು ಕಿರಿದು ದುಂಡನೆಯ ದಾಂಡು ಬೀಸುತ್ತಿದ್ದಾನೆ, ಹಿಂದೆ ಹೆಂಗಸರು ಕರ್ಚೀಫು ಆಡಿಸುತ್ತಿದ್ದಾರೆ. ಸ್ಪ್ರಿಂಗಿನ ಸರಳನ್ನು ಎಳೆದು ಬಿಟ್ಟರೆ ಉಕ್ಕಿನ ಚೆಂಡು ಮೇಲಕ್ಕೆ ಓಡಿ ಗೂಟದಿಂದ ಗೂಟಕ್ಕೆ ಬಡಿದು ಟಿಣ್ ಟಿಣ್ ಎನ್ನುತ್ತದೆ, ದೊರೆಯ ಪಕ್ಕದಲ್ಲಿ ಅಂಕಿಗಳು ಉರುಳುತ್ತವೆ. ಆಮೇಲೆ ಚೆಂಡು ಇಳಿಜಾರಿನಲ್ಲಿ ಕೆಳಗಿನ ತೂತಿಗೆ ಬರುತ್ತದೆ. ತೂತಿನ ಮೇಲೆ ಎರಡು ಪುಟ್ಟ ಕೈಗಳಿವೆ; ಪಕ್ಕದ ಗುಂಡಿ ಒತ್ತಿದರೆ ಅವು ಚೆಂಡನ್ನು ಮತ್ತೆ ಮೇಲಕ್ಕೆ ಹೊಡೆಯುತ್ತವೆ. ಬೀಳುವುದಂತೂ ಗ್ಯಾರಂಟಿ, ಅದನ್ನು ಸ್ವಲ್ಪ ಹೊತ್ತು ಮುಂದಕ್ಕೆ ಹಾಕುವುದೇ ಆಟ. ಸಂಸಾರಸ್ಥನಾದ ಮುನೇಶನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಒಂದೇ ಒಂದು ಸಲ ನೋಡೋಣವೆಂದು ಸರಳು ಎಳೆದ. ತಲೆ ಎತ್ತಿದಾಗ ಹನ್ನೊಂದೂವರೆ. ವರಾಂಡದಲ್ಲಿ ಮಂಚಗಳ ಕಾಲಿನ ಗುರುತು ಮಾತ್ರ ಉಳಿದಿತ್ತು. ಬಾಡಿಗೆಗೆ ತಂದ ಟೆಂಪೊ ಬರಿದಾಗಿ ಹೋಗಬಾರದಲ್ಲ!

ಮನೆ ಬಾಗಿಲಲ್ಲಿ ಪೆಟ್ಟಿಗೆ ಇಳಿದಾಗ ಶಶಿರೇಖ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಮಂಚ ತತ್ತೀನಿ ಅಂತ ಓದೋರು ಜಾರೋಬಂಡೆ ತಂದವ್ರೆ. ಇದ್ರ ಮ್ಯಾಲೆ ಅತ್ತೆ ಮಲಗ್ತಾರಾ?" ಎಂದಳು. ಆಮೇಲೆ ಗಡುವು ಕೊಟ್ಟಳು. "ಬರೋ ಭಾನುವಾರ ಸಂಜೆ ಒಳಗೆ ಆ ಜಾಗದಾಗೆ ಮಂಚ ಇರಬೇಕು. ಇಲ್ಲಾಂದ್ರೆ ಪೆಟ್ಟಿಗೆ ಜತೆ ನೀವೂ ಕೊಟ್ಟಿಗೇಗೆ ನಡೀರಿ."

ಮುನೇಶ ಪೆಟ್ಟಿಗೆಯ ಫೋಟೊ ತೆಗೆದು, ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದ. ಅವನ ಪುಣ್ಯಕ್ಕೆ ಬಂಗಾರಪೇಟೆಯಿಂದ ಶ್ಯಾಮಲ ಎಂಬ ಮೇಡಂ ಫೋನ್ ಮಾಡಿದರು. ಹೆದ್ದಾರಿಯಲ್ಲಿ ಅವರೊಂದು ಹೋಟೆಲ್ ಕಟ್ಟಿಸುತ್ತಿದ್ದರು, ಅದರ ತುಂಬ ಹಳೆಯ ಸಾಮಾನಿಟ್ಟು ಅಲಂಕರಿಸುವ ಆಸೆ ಅವರಿಗೆ. "ಇದು ಪಿನ್‌ಬಾಲ್ ಮೆಷಿನ್, ಮುನೇಶ್ ಅವರೇ. ಬೇಸ್‌ಬಾಲ್ ಆಟದ್ದು. ನಮ್ಮ ಕಡೆ ಇದು ಹೇಗೆ ಬಂತೋ!" ಎಂದು ಖುಷಿಪಟ್ಟರು. ಮುನೇಶ ಮಂಚದ ಕತೆ ಹೇಳಿದಾಗ ಇನ್ನೂ ಖುಷಿಯಾಗಿ, ತಮ್ಮ ಹತ್ತಿರ ಹಳೇ ಬಂಗಲೆಯ ತೇಗದ ಮಂಚವೊಂದಿದೆ, ಅದನ್ನು ಕೊಟ್ಟು ಇದನ್ನು ಒಯ್ಯುತ್ತೇನೆ, ಭಾನುವಾರ ಐದು ಗಂಟೆಗೆ ಬರುತ್ತೇನೆ ಎಂದರು. ಷರತ್ತು ಒಂದೇ. "ಒರೆಸಬೇಡಿ, ತೊಳೀಬೇಡಿ, ರಿಪೇರಿ ಮಾಡಬೇಡಿ. ಧೂಳಿನ ಸಮೇತ ಹೇಗಿದೆಯೋ ಹಾಗೇ ಇರಲಿ."

ಏನೂ ಮಾಡದೆ ಇರುವುದು ಮುನೇಶನಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ನಮ್ಮ ಕಡೆ ಯಾರೋ ನೋಡುವುದಕ್ಕೆ ಬರುತ್ತಾರೆ ಎಂದರೆ, ಅದು ಹಸುವಾಗಲಿ, ಮನೆಯಾಗಲಿ, ಹೆಣ್ಣಾಗಲಿ, ಮಿಕ್ಕವರು ಕೈ ಕಟ್ಟಿ ಕೂರುವುದಿಲ್ಲ.

ಭಾನುವಾರ ಬೆಳಗಿನ ಹಾಲು ಮುಗಿಸಿ ಮುನೇಶ ಮನೆಗೆ ಬಂದರೆ, ಪೆಟ್ಟಿಗೆ ಒದ್ದೆಬಟ್ಟೆಯಲ್ಲಿ ಒರೆಸಿಕೊಂಡು ಫಳಫಳ ಎನ್ನುತ್ತಿತ್ತು. ನಾಲ್ಕು ಕಾಲಿಗೂ ಅರಿಶಿನ ಕುಂಕುಮ, ದೊರೆಯ ನೆತ್ತಿಯ ಮೇಲೆ ಚೆಂಡುಹೂವಿನ ಸರ. ಚಿಕ್ಕವೆಂಕಟಮ್ಮ ಗೋಡೆಗೊರಗಿ ತೃಪ್ತಿಯಿಂದ ನೋಡುತ್ತಿದ್ದಳು.

"ಅಮ್ಮಾ! ಒರಸಬ್ಯಾಡಿ ಅಂತ ಏಳಿರ್‌ಲಿಲ್ವಾ?"

"ಬರೋದು ನನ್ ಮಂಚ ಕಣ್ಲಾ. ಅದಕ್ಕೆ ಬದಲು ಓಗೋದನ್ನ ಬೋಳು ಅಣೇಲಿ ಕಳಿಸ್ತಾರಾ ಯಾರಾನ? ಕರ ಓದ್ರೂ ಕುಂಕ್ಮ ಇಕ್ಕಿ ಕಳಿಸ್ತೀವಿ."

ವಾದ ಮಾಡುವ ಹೊತ್ತಲ್ಲ. ಕುಂಕುಮ ಅಳಿಸಿದರೆ ತಾಯಿಯ ಮನಸ್ಸಿಗೆ ನೋವು, ಅದನ್ನು ಹಾಗೇ ಬಿಟ್ಟ. ಧೂಳಿಗೆ ಊರಲ್ಲಿ ಬರವಿರಲಿಲ್ಲ. ಬೀದಿಯಿಂದ ಒಂದು ಮೊರದಷ್ಟು ಧೂಳು ತಂದು ಪೆಟ್ಟಿಗೆಯ ಮೇಲೆ ಹದವಾಗಿ ಉದುರಿಸಿದ. ಗುಡಿಸಿದ ಮನೆಯೊಳಕ್ಕೆ ಗಂಡ ಮೊರದಲ್ಲಿ ಧೂಳು ತರುವುದನ್ನು ಕಂಡ ಶಶಿರೇಖ ಪೊರಕೆಯನ್ನು ಅವನ ಕಣ್ಣಿಗೆ ಬೀಳುವಂತೆ ಬಾಗಿಲಿಗೆ ಒರಗಿಸಿಟ್ಟಳು.

ಹತ್ತರ ಬಸ್ಸಿಗೆ ಪೆರುಮಾಳ್ ಬಂದಿಳಿದ. ಮಂಚ ಇಳಿಸುವುದಕ್ಕೆ ಒಂದು ಕೈ ಇರಲಿ ಎಂದು ಬಂದಿದ್ದ, ಆದರೆ ಬಡಗಿಯ ಚೀಲವನ್ನೂ ತಂದಿದ್ದ. ಅಷ್ಟರಲ್ಲಿ ಶಶಿರೇಖ, "ಮಂಚ ಕೊಡೋ ತಾಯಿಗೆ ತಟ್ಟೇಲಿ ಇಕ್ಕೋಕೆ ಏನೂ ಇಲ್ಲ. ಓಗಿ ಅಣ್ಣು, ಸಿಹಿ ತನ್ನಿ" ಎಂದು ಗಂಡನನ್ನು ಕ್ಯಾಸಂಬಳ್ಳಿಗೆ ಅಟ್ಟಿದಳು. "ಪೆರುಮಾಳಣ್ಣ, ಇದನ್ನ ಯಾರೂ ಮುಟ್ಟದಂಗೆ ನೋಡ್ಕೊ" ಎಂದು ಹೇಳಿ ಮುನೇಶ ಗಾಡಿ ಹತ್ತಿದ. ಪಾಪ, ಪೆರುಮಾಳ್ ನೋಡಿಕೊಂಡ. ನೋಡಿಕೊಂಡಿದ್ದರಿಂದಲೇ ಎಲ್ಲ ಆದದ್ದು.

ಕಾಫಿ ಕುಡಿಯುತ್ತ ನೋಡುತ್ತಿದ್ದವನಿಗೆ ಪೆಟ್ಟಿಗೆಯ ಹಿಂದಿನ ಕಾಲುಗಳು ಎತ್ತರ, ಮುಂದಿನವು ತಗ್ಗು ಎಂದು ಕಂಡಿತು. ಜೇಬಿನಿಂದ ರಸಮಟ್ಟ ತೆಗೆದು ಗಾಜಿನ ಮೇಲಿಟ್ಟ. ಗುಳ್ಳೆ ಒಂದು ಕೊನೆಗೆ ಓಡಿಹೋಗಿ ಅಲ್ಲೇ ಕೂತಿತು. ಮೂವತ್ತು ವರ್ಷ ನೆಲದಡಿಯಲ್ಲಿ, ಗುಳ್ಳೆ ನಡುವಿಗೆ ಬಾರದ ಹೊರತು ಊಟಕ್ಕೆ ಏಳದಿದ್ದ ಮನುಷ್ಯ ಅವನು. ಮಟ್ಟ ತಪ್ಪಿದ ಕಂಬದ ಕೆಳಗೆ ಯಾರೂ ನಿಲ್ಲಬಾರದು ಎಂಬುದು ಅವನ ರಕ್ತದಲ್ಲೇ ಇತ್ತು. ಚೀಲದಿಂದ ಗರಗಸ ಹೊರಬಂತು.

ಮುನೇಶ ಬಾಳೆಹಣ್ಣು, ಮೈಸೂರುಪಾಕು ಹಿಡಿದು ಬಂದಾಗ, ಸೊಂಟದೆತ್ತರವಿದ್ದ ಪೆಟ್ಟಿಗೆ ಅವನ ಮಂಡಿಯೆತ್ತರಕ್ಕೆ ಇಳಿದಿತ್ತು. ಸುತ್ತ ಮರದ ತುಂಡುಗಳು ಬಿದ್ದಿದ್ದವು.

"ಏನಣ್ಣಾ ಇದು!"

"ಕೋಬ ಪಡಬೇಡ ತಂಬಿ," ಎಂದ ಪೆರುಮಾಳ್ ಬೆವರೊರೆಸುತ್ತ. "ಹಿಂದಿನ ಕಾಲು ಕೊಯ್ದೆ, ನಾಲ್ಕು ಬೆರಳು ಜಾಸ್ತಿ ಹೋಯ್ತು. ಮುಂದಿಂದು ಕೊಯ್ದೆ, ಅದೂ ಜಾಸ್ತಿ ಹೋಯ್ತು. ಹಿಂಗೇ ನಾಲ್ಕು ಸುತ್ತು. ಈಗ ಪಾರು, ನೋಡು, ಗುಳ್ಳೆ ಎಲ್ಲಿದೆ? ಸೆಂಟ್ರಲ್ಲಿ!"

ಮುನೇಶ ಸರಳು ಎಳೆದು ಬಿಟ್ಟ. ಚೆಂಡು ಮೇಲೆ ಹೋಯಿತು, ಒಂದು ಗೂಟಕ್ಕೆ ತಾಕಿತು, ಹಸಿರು ಮೈದಾನದ ನಡುವೆ ನಿಂತಿತು. ಇನ್ನೆಲ್ಲಿಗೂ ಹೋಗುವ ಅಗತ್ಯ ಅದಕ್ಕೆ ಕಾಣಲಿಲ್ಲ.

"ಅದು ಜಾರಬೇಕಣ್ಣಾ! ಜಾರೋದೇ ಆಟ!"

"ಜಾರೋದು ಆಟನಾ? ನಮ್ ಕೆಲಸದಲ್ಲಿ ಜಾರಿದ್ರೆ ಹೆಣ," ಎಂದ ಪೆರುಮಾಳ್. "ಒಳಗೆ ಇನ್ನೊಂದು ಕೆಲಸ ಮಾಡಿದೀನಿ. ಇದರೊಳಗೆ ಒಂದು ತೂಗುಗುಂಡು ಇದೆ, ನಮ್ ಶಾಫ್ಟ್‌ನಲ್ಲಿ ಇಳಿಬಿಡ್ತಿದ್ವಲ್ಲ, ಅದೇ ಥರ. ಯಾರಾದ್ರೂ ಮೋಸ ಮಾಡಕ್ಕೆ ಪೆಟ್ಟಿಗೆ ಅಲ್ಲಾಡಿಸಿದ್ರೆ ಗುಂಡು ಸುತ್ತ ಇರೋ ಬಳೆಗೆ ತಾಕಿ ಗಂಟೆ ಹೊಡೀತದೆ, ಕೆಂಪು ದೀಪ ಬರ್ತದೆ, ಆಟ ಕ್ಲೋಸ್. ಬಳೆ ಲೂಸಾಗಿತ್ತು, ಟೈಟ್ ಮಾಡಿ ಪ್ಲಗ್ ಹಾಕಿಟ್ಟಿದೀನಿ. ಈಗ ಮೇಲೆ ಒಂದು ಇಲಿ ಮಗ್ಗಲು ತಿರುಗಿದ್ರೂ ಗಂಟೆ!"

ಮುನೇಶ ಹಿಂದಿನ ಕಾಲುಗಳ ಕೆಳಗೆ ಎರಡು ಇಟ್ಟಿಗೆ ತುರುಕಿದ. "ನನ್ ಮಟ್ಟಕ್ಕೆ ಇಟ್ಟಿಗೆ ಇಡ್ತೀಯಾ?" ಎಂದು ಪೆರುಮಾಳನ ಮುಖ ಸಪ್ಪಗಾಯಿತು. ಅವನು ಊಟ ಮಾಡಿದ, ಇಟ್ಟಿಗೆಗಳನ್ನು ತೆಗೆದು ಬೀದಿಗೆಸೆದ, ಇನ್ನು ಈ ಮನೆಯಲ್ಲಿ ತನಗೇನು ಕೆಲಸ ಎಂಬಂತೆ ಮೂರರ ಬಸ್ಸಿಗೆ ಹೊರಟುಹೋದ. ಮೇಡಂ ಬಂದಾಗ ಮತ್ತೆ ಇಟ್ಟರಾಯಿತು, ಚಿತ್ರವಾದರೂ ಇದೆಯಲ್ಲ ಎಂದು ಮುನೇಶ ಧೈರ್ಯ ತಂದುಕೊಂಡ. ಫೋನನ್ನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿ, ಸಂಜೆಯ ಹಾಲಿಗೆ ಡೈರಿಗೆ ಹೋದ.

ಪಕ್ಕದ ಮನೆಯ ಮುನಿರಾಜು ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಿಗೆ ಬೋರ್ಡು, ಲಾರಿಗಳ ಬೆನ್ನಿಗೆ ಗುಲಾಬಿ ಹೂ ಬರೆಯುವ ಕಲಾವಿದ. ಮೇಲಾಗಿ ಊರಿನ ಕ್ರಿಕೆಟ್ ಟೀಮಿನ ಕ್ಯಾಪ್ಟನ್. ಭಾನುವಾರ ಬಿಡುವಾಗಿದ್ದ. ಮಂಚ ಬಂತೇ ಎಂದು ಇಣುಕಿದವನ ಕಣ್ಣು ಗಾಜಿನ ಮೇಲಿನ ದೊರೆಯ ಮೇಲೆ ಬಿತ್ತು. ನೋಡಿದಷ್ಟೂ ಅವನ ಹೊಟ್ಟೆ ಉರಿಯಿತು. ಬ್ಯಾಟು ಒನಕೆಯಂತೆ ದುಂಡಗಿದೆ. ವಿಕೆಟ್ಟೇ ಇಲ್ಲ. ಕಾಲಿಗೆ ಪ್ಯಾಡಿಲ್ಲ. ಓಡುವುದಕ್ಕೆ ನಾಲ್ಕು ಮೂಲೆ! ಕ್ರಿಕೆಟ್ಟನ್ನೇ ಕಣ್ಣಲ್ಲಿ ಕಾಣದ ಯಾವನೋ ಬರೆದಿದ್ದಾನೆ, ಇಂಥ ತಪ್ಪು ಚಿತ್ರವನ್ನು ನೋಡಿದರೆ ಮೇಡಂ ಊರಿನ ಬಗ್ಗೆ ಏನೆಂದುಕೊಳ್ಳುತ್ತಾರೆ?

ನಾಲ್ಕೂವರೆಗೆ ಮುನೇಶ ಬಾಗಿಲು ದಾಟಿದವನು ಅಲ್ಲೇ ಕಂಬ ಹಿಡಿದುಕೊಂಡ. ದೊರೆಗೆ ಮೀಸೆ ಬಂದಿತ್ತು. ನೀಲಿ ಜರ್ಸಿ, ಅಗಲವಾದ ಬ್ಯಾಟು, ಹಿಂದೆ ಮೂರು ವಿಕೆಟ್ಟು. ಕರ್ಚೀಫಿನ ಹೆಂಗಸರೆಲ್ಲ ಸೀರೆಯುಟ್ಟು ಬೊಟ್ಟಿಟ್ಟುಕೊಂಡಿದ್ದರು. ಮೂಲೆಯಲ್ಲಿ ‘ಕಲೆ: ಮುನಿರಾಜು’ ಎಂದೂ, ಕೆಳಗೆ ಮೊಬೈಲ್ ನಂಬರೂ ಇತ್ತು. ಕಲಾವಿದ ಬ್ರಷ್ ಒರೆಸುತ್ತ ನಗುತ್ತಿದ್ದ.

"ಎಂಗೈತೆ ಮುನೇಶಣ್ಣಾ? ಎಲ್ಲಾ ತಪ್ಪೂ ಸರಿ ಮಾಡಿವ್ನಿ. ಅಣ್ಣಾ, ಮೊದ್ಲು ನಿನ್ ಫೋನ್ ನೋಡು, ನಾನು..."

"ಫೋನೂ ಬ್ಯಾಡ ಗೀನೂ ಬ್ಯಾಡ! ನನ್ ಮನೆ ಆಳು ಮಾಡಿದ್ಯಲ್ಲೋ! ಆಚೆ ನಡಿಯಲಾ!"

"ಅಲ್ಲಣ್ಣಾ, ಫೋನ್‌ನಾಗೆ..."

"ನಡಿಯಲಾ ಅಂದ್ರೆ!"

ಮುನಿರಾಜುವಿನ ಮುಖ ಕಪ್ಪಿಟ್ಟಿತು. ಬಣ್ಣದ ಡಬ್ಬಗಳನ್ನು ಎತ್ತಿಕೊಂಡು, "ಕಲೆ ಅಂದ್ರೆ ಏನು ಅಂತ ಫ್ಯಾಟ್ ನೋಡೋನಿಗೆ ಏನ್ ಗೊತ್ತು?" ಎಂದು ಹೇಳಿ ಹೋದ. ಅವಸರದಲ್ಲಿ ಬಣ್ಣ ಕರಗಿಸುವ ಥಿನ್ನರ್ ಬಾಟಲಿ ಅಲ್ಲೇ ಮರೆತುಹೋಯಿತು.

ಬಾಟಲಿ ಕಂಡದ್ದೇ ಮುನೇಶನಿಗೆ ಹೋದ ಜೀವ ಬಂದಂತಾಯಿತು. ಬಣ್ಣ ಇನ್ನೂ ಹಸಿ. ಚಿತ್ರದ ಗಾಜನ್ನು ಕಳಚಿ ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿ, ಥಿನ್ನರ್ ಸುರಿದು ಉಜ್ಜಿದ. ಮೀಸೆ ಹೋಯಿತು, ವಿಕೆಟ್ಟು ಉರುಳಿತು, ನೀಲಿ ಜರ್ಸಿ ಕರಗಿ ಕೆಳಗಿನಿಂದ ಪಟ್ಟೆ ಟೋಪಿಯ ದೊರೆ ಹಲ್ಲು ಕಿರಿಯುತ್ತ ಎದ್ದುಬಂದ. ಮುನೇಶ ಅವನಿಗೆ ಕೈಮುಗಿಯುವುದೊಂದು ಬಾಕಿ. ಆದರೆ ಹಳೆಯ ಚಿತ್ರ ಇದ್ದದ್ದು ಗಾಜಿನ ಹಿಂಬದಿಯಲ್ಲಿ. ಸುರಿದ ಥಿನ್ನರ್ ಅಂಚಿನಿಂದ ಇಳಿದು, ಗಾಜಿನ ಅಡಿ ಸೇರಿ, ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿತ್ತು. ಗಾಜನ್ನು ಎತ್ತಿದಾಗ ದೊರೆ ಕಲ್ಲಿನ ಮೇಲೇ ಉಳಿದ. ಒಂದು ಚೊಂಬು ನೀರಿಗೆ, ಹಪ್ಪಳದ ಚೂರುಗಳಂತೆ, ದಾಂಡಿನ ಸಮೇತ ಬಚ್ಚಲ ಕಾಲುವೆ ಸೇರಿದ. ಮುನೇಶನ ಕೈಯಲ್ಲಿ ಉಳಿದದ್ದು ಬಲು ಸ್ವಚ್ಛವಾದ ಗಾಜು.

ಅದನ್ನು ಪೆಟ್ಟಿಗೆಗೆ ಸಿಕ್ಕಿಸುವುದಕ್ಕೂ ಬಾಗಿಲಲ್ಲಿ ಪಿಕಪ್ ಗಾಡಿ ನಿಲ್ಲುವುದಕ್ಕೂ ಸರಿಹೋಯಿತು.

ಮೊದಲು ಇಳಿದದ್ದು ಮಂಚ. ತೇಗದ ಮಂಚ, ಕಡೆದ ಕಾಲುಗಳು, ತಲೆಯ ಕಡೆ ಎರಡು ನವಿಲು. ಡ್ರೈವರ್ ಅದನ್ನು ಜಗಲಿಯ ಮೇಲಿಟ್ಟ. ಯಾರೂ ಹೇಳುವ ಮೊದಲೇ ಚಿಕ್ಕವೆಂಕಟಮ್ಮ ಹೋಗಿ ಕೂತಳು. ಕಾಲು ಇಳಿಬಿಟ್ಟಳು. ಎದ್ದು ನಿಂತಳು, ಯಾರ ಕೈಯನ್ನೂ ಹಿಡಿಯದೆ. ಮತ್ತೆ ಕೂತು, ಮತ್ತೆ ಎದ್ದು, "ನೋಡೇ ಶಶೀ!" ಎಂದು ಸೊಸೆಯತ್ತ ನೋಡಿ ನಕ್ಕಳು. ಎರಡು ವರ್ಷದಿಂದ ಮುನೇಶ ಆ ನಗು ನೋಡಿರಲಿಲ್ಲ.

ಶ್ಯಾಮಲ ಮೇಡಂ ಫೋನ್ ಹಿಡಿದುಕೊಂಡೇ ಒಳಗೆ ಬಂದರು. "ಎಲ್ಲಿ, ಎಲ್ಲಿ ನಮ್ಮ ಮೀಸೆ ಬ್ಯಾಟ್ಸ್‌ಮನ್?"

ಮುನೇಶನಿಗೆ ಅರ್ಥವಾಗಲಿಲ್ಲ. ಮೇಡಂ ಫೋನ್ ತೋರಿಸಿದರು. ಮುನಿರಾಜು ಕೆಲಸ ಮುಗಿಸಿ, ಗೂಡಿನಲ್ಲಿದ್ದ ಮುನೇಶನ ಫೋನಿನಿಂದಲೇ ಫೋಟೊ ತೆಗೆದು ಮೇಡಂಗೆ ಕಳಿಸಿದ್ದ. ಕುಂಕುಮದ ಕುಳ್ಳ ಕಾಲುಗಳು, ಚೆಂಡುಹೂವಿನ ಸರ, ಮೀಸೆಯ ಆಟಗಾರ, ಸೀರೆಯ ಹೆಂಗಸರು ಎಲ್ಲವೂ ಅದರಲ್ಲಿದ್ದವು.

"ಬೇಸ್‌ಬಾಲ್ ಮೆಷಿನ್ ದುಡ್ಡು ಕೊಟ್ಟರೆ ಎಲ್ಲಾದರೂ ಸಿಗುತ್ತೆ ಮುನೇಶ್ ಅವರೇ. ಅರಿಶಿನ ಕುಂಕುಮ ಇಟ್ಟುಕೊಂಡು, ನೆಲದ ಮೇಲೆ ಕೂತು ಆಡೋ ಕ್ರಿಕೆಟ್ ಮೆಷಿನ್ ಇನ್ನೆಲ್ಲಿ ಸಿಗುತ್ತೆ? ಚೆಂಡು ಉರುಳದಿದ್ದರೂ ಚಿಂತೆಯಿಲ್ಲ, ಜನ ನೋಡೋಕೆ ಬರ್ತಾರೆ. ಐದು ಮೆಸೇಜ್ ಹಾಕಿದೆನಲ್ಲ, ನೋಡಲಿಲ್ವಾ?"

ಶಶಿರೇಖ ಗೂಡಿನಿಂದ ಫೋನ್ ತಂದು ಗಟ್ಟಿಯಾಗಿ ಓದಿದಳು. ಕೊನೆಯದು ಹೀಗಿತ್ತು: ‘ಒಂದು ಗೆರೆಯನ್ನೂ ಯಾರೂ ಮುಟ್ಟಬೇಡಿ.’

ಎಲ್ಲರೂ ಪೆಟ್ಟಿಗೆಯ ಕಡೆ ತಿರುಗಿದರು. ಸ್ವಚ್ಛವಾದ ಗಾಜಿನ ಹಿಂದೆ ನಾಲ್ಕು ವೈರು, ಎರಡು ಬಲ್ಬು, ಒಂದು ಗಂಟೆ ಕಾಣುತ್ತಿದ್ದವು.

"ಈಗ್ಲೇ ಕರೀತೀನಿ ಮೇಡಂ, ಮತ್ತೆ ಬರೆಸ್ತೀನಿ!" ಎಂದ ಮುನೇಶ.

"ಮತ್ತೆ ಬರೆದರೆ ಅದು ಬೋರ್ಡು," ಎಂದರು ಮೇಡಂ ನಿಟ್ಟುಸಿರಿಟ್ಟು. "ಹಳೇ ದೊರೆಯ ಮುಖದ ಮೇಲೇ ನಿಮ್ಮ ಊರಿನ ಮೀಸೆ ಕೂತಿತ್ತಲ್ಲ, ಅದೇ ಚೆಂದ. ಆ ದೊರೆಯೇ ಇಲ್ಲ ಈಗ." ಫೋಟೊದಲ್ಲಿದ್ದ ನಂಬರಿಗೆ ಮಾತ್ರ ಫೋನ್ ಹಚ್ಚಿದರು. ಮುನಿರಾಜು ಪಕ್ಕದ ಮನೆಯಿಂದಲೇ "ಅಲೋ" ಎಂದದ್ದು ಎಲ್ಲರಿಗೂ ಎರಡೆರಡು ಸಲ ಕೇಳಿಸಿತು. ಹೋಟೆಲಿನ ಗೋಡೆಗಳನ್ನೆಲ್ಲ ಬರೆಯುವ ಕೆಲಸ ಅವನಿಗೆ ನಿಂತ ಮೆಟ್ಟಿಗೇ ಸಿಕ್ಕಿತು. ಮೈಸೂರುಪಾಕಿನ ತಟ್ಟೆ, ಓಡಿಬಂದ ಅವನ ಮುಂದೆ ಹೋಯಿತು.

ಡ್ರೈವರ್ ಮಂಚ ಎತ್ತುವುದಕ್ಕೆ ಬಂದ. ಚಿಕ್ಕವೆಂಕಟಮ್ಮ ಎದ್ದು, ನವಿಲಿನ ತಲೆಯನ್ನು ಒಂದು ಸಲ ಸವರಿ, ಗೋಡೆಯ ಪಕ್ಕ ಮೆಲ್ಲಗೆ ನೆಲಕ್ಕಿಳಿದು ಕೂತಳು. ಬೈದಿದ್ದರೆ ಮುನೇಶನಿಗೆ ಸಮಾಧಾನವಾಗುತ್ತಿತ್ತು. ಗಾಡಿ ತಿರುವು ದಾಟುವವರೆಗೂ ಅವನು ತಲೆ ಎತ್ತಲಿಲ್ಲ.

ಗಡುವು ನೆನಪಿತ್ತು. ಚಾಪೆ ಸುತ್ತಿಕೊಂಡು, "ಕೊಟ್ಟಿಗೇಲಿ ಮಲಗ್ತೀನಿ ಬುಡು" ಎಂದ.

ಶಶಿರೇಖ ಅವನನ್ನು ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ನೋಡುತ್ತಿದ್ದಳು. ಬಾಗಿ ಅದರ ಎತ್ತರವನ್ನು ತನ್ನ ಮಂಡಿಗೆ ಅಳೆದಳು. ಅಂಗೈಯಿಂದ ಮೇಲ್ಮೈ ಸವರಿದಳು. ನೀರು ಹೊಯ್ದರೆ ಯಾವ ಕಡೆಗೂ ಹರಿಯದಷ್ಟು ಮಟ್ಟ.

"ಕೊಟ್ಟಿಗೇಗೆ ಓಗಿ," ಎಂದಳು. "ಅಲ್ಲಿ ಅಳೇ ಬಾಗಿಲು ಕಳಚಿಟ್ಟವ್ರಲ್ಲ, ಅದನ್ನ ಒತ್ಕೊಂಬನ್ನಿ."

ಮೇಲಿನ ಗಾಜು ತೆಗೆದು ಪೆಟ್ಟಿಗೆಯ ಅಂಚಿನ ಮೇಲೆ ಬಾಗಿಲು ಹಾಸಿದರು. ಬಾಗಿಲ ಮೇಲೆ ಎರಡು ಕೌದಿ, ತಲೆದಿಂಬು. ತಲೆಯ ಕಡೆ ನವಿಲಿನ ಬದಲು ವೈರು, ಬಲ್ಬು. ಚಿಕ್ಕವೆಂಕಟಮ್ಮ ಅನುಮಾನದಿಂದ ಕೂತು, ಕಾಲು ಇಳಿಬಿಟ್ಟು, ಎದ್ದು ನಿಂತಳು. ಯಾರ ಕೈಯನ್ನೂ ಹಿಡಿಯದೆ. "ಪೆರುಮಾಳು ದೊಡ್ಡ ಮನುಸ ಕಣೇ" ಎಂದು ಹರಸಿ, ಕಾಲು ಚಾಚಿ ಮಲಗಿದಳು.

ಮುನೇಶನ ಎದೆ ಹಗುರಾಯಿತು. ಅಂದರೆ ಕಡೆಗೂ ತಾನು ಮಂಚವನ್ನೇ ತಂದಂತಾಯಿತಲ್ಲ! ಇನ್ನು ಬೆಳಗಿನ ಜಾವದ ಕೂಗೂ ಇಲ್ಲ, ಗೊರಕೆಯ ನಾಟಕವೂ ಬೇಕಿಲ್ಲ. ಚಾಪೆಯನ್ನು ಮೊದಲಿನ ಜಾಗದಲ್ಲೇ ಬಿಚ್ಚತೊಡಗಿದ.

ಚಿಕ್ಕವೆಂಕಟಮ್ಮ ಮಗ್ಗಲು ಬದಲಿಸಿದಳು. ಟಿಣ್ ಟಿಣ್ ಟಿಣ್ ಎಂದು ಗಂಟೆ ಬಡಿಯಿತು, ಕೆಂಪು ದೀಪ ಹತ್ತಿಕೊಂಡಿತು.

ಮುನೇಶ ಪ್ಲಗ್ಗಿನ ಕಡೆ ಕೈ ಚಾಚಿದ.

"ಮುಟ್ಟಬ್ಯಾಡಿ!" ಎಂದಳು ಶಶಿರೇಖ. ಆ ದಿನ ಆ ಮಾತನ್ನು ಹೇಳಿದವರಲ್ಲಿ ಗೆದ್ದವಳು ಅವಳೊಬ್ಬಳೇ. ಗಂಡನ ಚಾಪೆಯನ್ನು ಎಳೆದು ತಂದು ಪೆಟ್ಟಿಗೆಯ ಕಾಲಿಗೆ ಒತ್ತಿ ಹಾಸಿದಳು. "ಅತ್ತೆ ಕೂಗಿದ್ರೆ ನಿಮಗೆ ಕೇಳ್ಸಲ್ಲ ಅಲ್ವಾ? ಇನ್ಮ್ಯಾಲೆ ಇದು ಕೂಗ್ತದೆ. ಗಂಟೆ ಆದಾಗೆಲ್ಲ ಎದ್ದು, ನೀರು ಬೇಕಾ, ಕಾಲು ಒತ್ತಬೇಕಾ ಅಂತ ಕೇಳ್ರಿ."

ಮುನೇಶ ಮಲಗಿ ಕಣ್ಣು ಮುಚ್ಚಿಕೊಂಡು, ಅಭ್ಯಾಸಬಲದಿಂದ ಒಂದು ಗೊರಕೆ ಶುರುಮಾಡಿದ. ಮೇಲಿನಿಂದ ಚಿಕ್ಕವೆಂಕಟಮ್ಮ ಮೆಲ್ಲಗೆ ಬೇಕೆಂದೇ ಒಂದು ಸಲ ಅಲ್ಲಾಡಿದಳು.

ಟಿಣ್.